ಮೂರು ತಾಲ್ಲೂಕಿನ ಔಷಧಿ

ಹಾಗಲವಾಡಿಯಲ್ಲಿ ಸೋಯಾ ಅವರೆಯನ್ನು ಕಂಡುಹಿಡಿದವನು ನಾನು. ಚೀನಾದವರು ಸಾವಿರಾರು ವರ್ಷದ ಹಿಂದೆಯೇ ಬೆಳೆಯುತ್ತಿದ್ದರು ಎಂದು ಓದಿದವರು ಹೇಳುತ್ತಾರೆ. ಬೆಳೆದಿರಲಿ, ಬೇಡ ಎಂದವರು ಯಾರು? ಹಾಗಲವಾಡಿಗೆ ಬಂದು ಬೆಳೆದರೇ ಎಂಬುದು ನನ್ನ ಪ್ರಶ್ನೆ. ಗುಬ್ಬಿ ತಾಲ್ಲೂಕಿನ ಈ ಮೂಲೆಯ ಮಣ್ಣಿಗೆ ರಾಗಿ, ಹುರುಳಿ, ತೆಂಗು ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ. ಕಲಿಸಿದವನು ನಾನು. ಮೊದಲ ವರ್ಷ ನನ್ನ ಹೊಲ ಎಷ್ಟು ದಟ್ಟವಾಗಿ ಎದ್ದಿತ್ತೆಂದರೆ ಜುಂಜಪ್ಪನ ಮೇಕೆ ಒಳಗೆ ಹೊಕ್ಕು ದಾರಿ ತಪ್ಪಿ, ಈಚೆ ಬರುವಷ್ಟರಲ್ಲಿ ಎರಡು ಮರಿ ಹಾಕಿತ್ತು. ಜುಂಜಪ್ಪ ಇದನ್ನು ಒಪ್ಪುವುದಿಲ್ಲ. ತನಗೆ ಮೇಕೆಯೇ ಇರಲಿಲ್ಲ ಎನ್ನುತ್ತಾನೆ. ಹೊಟ್ಟೆಕಿಚ್ಚು.

ನನ್ನ ಹೆಸರು ಕೃಷ್ಣಕುಮಾರ್. ಹುಟ್ಟಿದ್ದು ಕುಣಿಗಲ್ ಕಡೆ. ಸುಧಾಳನ್ನು ಮದುವೆಯಾಗಿ ಈ ಊರಿಗೆ ಮನೆ ಅಳಿಯನಾಗಿ ಬಂದೆ. ಊರಿಗೇ ಅಳಿಯನಾದ್ದರಿಂದ ಹಾಲು ಕುಡಿಯುವ ಮಗುವಿನಿಂದ ಹಲ್ಲಿಲ್ಲದ ಮುದುಕರವರೆಗೆ ಎಲ್ಲರಿಗೂ ನಾನು ‘ಭಾವ’. ಭಾವ ಏನು ಬಿತ್ತಿದ, ಭಾವ ಯಾವ ಔಷಧಿ ಹೊಡೆದ ಎಂದು ಕೇಳದೆ ಇಲ್ಲಿ ಯಾರೂ ಬೆಳಿಗ್ಗೆ ಹಲ್ಲುಜ್ಜುವುದಿಲ್ಲ. ಕೇಳುವ ಕಷ್ಟವನ್ನೂ ನಾನು ಅವರಿಗೆ ಕೊಟ್ಟಿಲ್ಲ. ಔಷಧಿ ಹೊಡೆದ ಮೇಲೆ ಖಾಲಿ ಬಾಟಲಿಯನ್ನು ಒಂದು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ ಬದುವಿನ ಮೂಲೆಯಲ್ಲಿ ನೆಡುವುದು ನಮ್ಮ ಕಡೆಯ ರೂಢಿ. ದಾರಿಯಲ್ಲಿ ಹೋಗುವವರು ನೋಡಿ ತಿಳಿದುಕೊಳ್ಳಲಿ ಎಂದು. ನನ್ನ ಗೂಟ ಎಲ್ಲರದಕ್ಕಿಂತ ಎತ್ತರ. ಅದು ನನ್ನ ಬಾವುಟ.

ಆದರೆ ಈ ಊರಲ್ಲಿ ನನಗಿಂತ ಎತ್ತರದ ಒಂದು ಹೆಸರಿದೆ; ಒಪ್ಪಿಕೊಳ್ಳಲೇಬೇಕು, ಏಕೆಂದರೆ ಊಟ ಹಾಕುವವರು ಅವರೇ. ನನ್ನ ಅತ್ತೆ ದೊಡ್ಡಗಂಗಮ್ಮ. ಅವರ ಮನೆಯ ಬಿತ್ತನೆ ರಾಗಿ ಊರಿನ ಮುಕ್ಕಾಲು ಹೊಲಗಳಿಗೆ ಹೋಗುತ್ತದೆ. ಬಿತ್ತನೆಗೆ ದುಡ್ಡು ಮುಟ್ಟುವಂತಿಲ್ಲ. ಕೇಳಲು ಬಂದವರು ಹೊಸಿಲಿನ ಹೊರಗೆ ಟವಲ್ ಹಾಸಬೇಕು. ಅತ್ತೆ ಮೊರಕ್ಕೆ ಅರಿಶಿನ ಕುಂಕುಮ ಇಟ್ಟು, ಗೋಪುರದ ಹಾಗೆ ಕಾಳು ತುಂಬಿ ಅದಕ್ಕೆ ಸುರಿಯುತ್ತಾರೆ. ಸುಗ್ಗಿಯಾದ ಮೇಲೆ ಅಷ್ಟೇ ಕಾಳು ವಾಪಸು ಬರಬೇಕು. ಗಂಗಮ್ಮನ ಮೊರದಿಂದ ಹೋದ ಕಾಳು ಕೆಟ್ಟಿತು ಎಂದು ಇದುವರೆಗೆ ಒಬ್ಬರೂ ಬಾಗಿಲಿಗೆ ಬಂದಿಲ್ಲ.

ಈ ವರ್ಷ ಅತ್ತೆ ನನ್ನ ಮಾತು ಕೇಳಿ, ನನ್ನ ಹೊಲಕ್ಕೆ ಅಂಟಿಕೊಂಡ ತಮ್ಮ ಒಂದು ಎಕರೆಗೆ ಸೋಯಾ ಹಾಕಿದರು. ಬೆಳೆ ಮೊಳಕಾಲೆತ್ತರ ಬರುವ ಮೊದಲೇ ನರಸಮ್ಮನ ಮನೆಯಿಂದ ಹಿಡಿದು ಕೆಳಗಿನ ಬೀದಿಯ ಹೆಂಗಸರವರೆಗೆ ಎಲ್ಲರಿಗೂ ಮಾತು ಕೊಟ್ಟುಬಿಟ್ಟರು: ಮುಂದಿನ ಮುಂಗಾರಿಗೆ ಸೋಯಾ ಬಿತ್ತನೆ ಪೇಟೆಯಿಂದ ತರುವುದು ಬೇಡ, ನನ್ನ ಮೊರದಿಂದ ತಗೊಳ್ಳಿ. ಮಾತು ಕೊಟ್ಟು ಬಂದ ಅತ್ತೆ ನನ್ನ ಮುಂದೆ ನಿಂತರು.

“ನಿಮ್ಮನ್ನ ನಂಬಿ ಮಾತು ಕೊಟ್ಟಿದೀನಿ ಅಳಿಯಂದ್ರೇ. ಕೆಟ್ಟ ಕಾಳೇನಾದ್ರೂ ನನ್ನ ಮೊರದಿಂದ ಹೋಗೋ ಹಂಗಾದ್ರೆ, ಆ ಮೊರನ ಒಲೆಗೆ ಹಾಕ್ತೀನಿ. ಆಮೇಲೆ ರಾಗಿನೂ ಕೊಡಾಕಿಲ್ಲ.”

“ಅತ್ತೆ, ನಾನಿರೋವಾಗ ರೋಗ ಹಾಗಲವಾಡಿ ಗಡಿ ದಾಟಲ್ಲ. ಚೇಳೂರಿನಲ್ಲೇ ನಿಂತು ನನಗೆ ಫೋನ್ ಮಾಡಿ ಬರ್ಲಾ ಅಂತ ಕೇಳುತ್ತೆ.”

ಫೋನ್ ಮಾಡಲಿಲ್ಲ. ಹೇಳದೆ ಕೇಳದೆ ಬಂತು.

ಸೋನೆ ಮಳೆ ವಾರವಿಡೀ ಹಿಡಿದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೊಲಕ್ಕೆ ಹೋದರೆ ಎಲೆಗಳು ನನ್ನನ್ನು ನೋಡುತ್ತಿದ್ದವು. ನಿಜವಾಗಿ ನೋಡುತ್ತಿದ್ದವು. ಎಲೆಯ ಮೇಲೆ ದುಂಡು ದುಂಡು ಚುಕ್ಕೆ. ನಡುವೆ ಬೂದಿ ಬಣ್ಣ, ಸುತ್ತ ಕೆಂಪು ಕಂದು ಅಂಚು. ಕೆರೆಯಿಂದ ತಲೆ ಎತ್ತಿದ ಕಪ್ಪೆಯ ಕಣ್ಣು. ಒಂದು ಎಲೆ ಮಗುಚಿದೆ, ಇನ್ನೊಂದು ಮಗುಚಿದೆ. ಒಂಬತ್ತು ಕೋಟಿ ಕಪ್ಪೆಗಳು ನನ್ನ ಹೊಲದಲ್ಲಿ ಕೂತು, ಈ ಮನುಷ್ಯ ಈಗ ಏನು ಮಾಡುತ್ತಾನೆ ಎಂದು ಕಾಯುತ್ತಿದ್ದವು.

ಗುಬ್ಬಿಯ ಚನ್ನವೀರಯ್ಯನವರ ಅಂಗಡಿಯ ‘ಬೆಳೆಭೀಮ’ ಹೊಡೆದು ಇನ್ನೂ ಬಾಟಲಿಯ ವಾಸನೆ ಹೋಗಿರಲಿಲ್ಲ. ಮೊದಲ ವರ್ಷ ಇದೇ ಚುಕ್ಕೆ ನಾಲ್ಕು ಕಂಡಾಗ ಭೀಮ ಒಂದೇ ಏಟಿಗೆ ಒರೆಸಿ ಹಾಕಿದ್ದ. ಹೋದ ವರ್ಷ ಭೀಮನ ಹಿಂದೆ ಇನ್ನೊಂದು ಊರಿನ ಔಷಧಿಯನ್ನೂ ಹೊಡೆಯಬೇಕಾಯಿತು. ಈ ವರ್ಷ ಭೀಮ ಮಲಗಿಬಿಟ್ಟಿದ್ದ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಫಿ ಲೋಟ ಹಿಡಿದರೆ ಅರ್ಧಕ್ಕೆ ಇಟ್ಟು ಹೊಲಕ್ಕೆ ಓಡುವುದು, ಹೊಲದಲ್ಲಿ ನಿಂತರೆ ಮನೆಯಲ್ಲಿ ಏನೋ ಮರೆತ ಹಾಗೆ ವಾಪಸು ಬರುವುದು. ಚಪ್ಪಲಿ ಸವೆದು ಕಾಗದವಾಯಿತು. ನೆಲ ತಗ್ಗಾಗಿ, ನಾನು ನಡೆದ ದಾರಿಯಲ್ಲಿ ಮಳೆನೀರು ಹರಿದು ಹೊಸ ಹಳ್ಳವೇ ಆಯಿತು ಎಂದರೆ ನಂಬುವುದಿಲ್ಲ ನೀವು. ಬಗ್ಗಿ ಎಲೆ ಮಗುಚುತ್ತಿದ್ದವನ ಹಿಂದೆ ಜುಂಜಪ್ಪ ಬಂದು ನಿಂತ. ಅವನ ಹೊಲ ನನ್ನದರಿಂದ ಒಂದು ಕಾಲುದಾರಿ ಆಚೆ.

“ಏನ್ ಭಾವ, ಎಲೆ ಎಣಿಸ್ತಿದ್ದೀಯಾ?”

“ಮಾತಾಡಿಸ್ತಿದೀನಿ ಕಣ್ಲಾ. ಪರದೇಶದಲ್ಲೆಲ್ಲ ಹಿಂಗೇ ಮಾಡೋದು.”

“ಏನಂತವೆ?”

“ಜುಂಜನ್ನ ಹತ್ರ ಸೇರಿಸ್ಬೇಡ ಅಂತವೆ.”

“ನಮ್ಮ ಹೊಲದವೂ ಅದೇ ಅಂತವೆ ಭಾವ, ಕಣ್ ಬಿಟ್ಕಂಡು. ಭೀಮ ಹೊಡ್ದೆ, ಕೆಮ್ಮಲೂ ಇಲ್ಲ ಅವು. ಮುಂದಕ್ಕೆ ಏನ್ ಹೊಡೀಬೇಕು, ಅದ್ನ ಯೋಳು.”

ಇಲ್ಲಿ ನನ್ನ ಪದ್ಧತಿಯನ್ನು ಹೇಳಬೇಕು. ಎರಡು ವರ್ಷದ ಹಿಂದೆ ಗುಬ್ಬಿಯಲ್ಲಿ ರೈತರ ಸಭೆಗೆ ಬಂದಿದ್ದ ಅಧಿಕಾರಿಯೊಬ್ಬರು ಮೈಕ್ ಹಿಡಿದು, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬೇಡಿ, ಪ್ರತಿ ಸಲವೂ ಬದಲಾಯಿಸಿ ಎಂದಿದ್ದರು. ಉಳಿದವರು ಊಟದ ಪೊಟ್ಟಣಕ್ಕೆ ಕಾಯುತ್ತಿದ್ದರು; ಕೇಳಿಸಿಕೊಂಡವನು ನಾನೊಬ್ಬ. ಕೇಳಿಸಿಕೊಂಡು ಒಂದು ವ್ಯವಸ್ಥೆ ಮಾಡಿದೆ. ಮೊದಲ ಸಲ ಗುಬ್ಬಿಯ ಔಷಧಿ. ಎರಡನೆಯ ಸಲ ಕುಣಿಗಲ್ಲಿನದು. ಮೂರನೆಯ ಸಲಕ್ಕೆ ತುಮಕೂರು. ಬೇರೆ ಊರು, ಬೇರೆ ಅಂಗಡಿ, ಬೇರೆ ಬಾಟಲಿ, ಬೇರೆ ಬಣ್ಣ. ಇದಕ್ಕಿಂತ ಬದಲಾವಣೆ ದೇವರೂ ಮಾಡಲಾರ. ಊರವರೆಲ್ಲ ನನ್ನ ಗೂಟ ನೋಡಿಕೊಂಡು ನನ್ನ ಹಿಂದೆಯೇ ಮೂರು ತಾಲ್ಲೂಕು ಸುತ್ತುತ್ತಿದ್ದರು.

“ಕುಣಿಗಲ್ ಔಷಧಿ ಕಣ್ಲಾ ಜುಂಜ,” ಎಂದೆ. “ಭೀಮನ ಅಪ್ಪ ಅದು.”

ಬೈಕ್ ಹತ್ತಿದೆ. ಕುಣಿಗಲ್ ಕುದುರೆಗಳು ಓಡುವುದಕ್ಕೆ ಹೆಸರಾದವು. ಅವತ್ತು ನನ್ನ ಹಳೇ ಗಾಡಿ ಓಡಿದ್ದನ್ನು ನೋಡಿದ್ದರೆ ಅವು ನಾಚಿ ಲಾಯದ ಬಾಗಿಲು ಹಾಕಿಕೊಳ್ಳುತ್ತಿದ್ದವು. ಕೆರೆಯ ಏರಿ ಹತ್ತಿರದ ಅಂಗಡಿಯ ಗಂಗಣ್ಣ ನನ್ನ ಬಾಲ್ಯದ ಗೆಳೆಯ. ನಾನು ಬಾಯಿ ತೆರೆಯುವ ಮೊದಲೇ ‘ಅಶ್ವವೇಗ’ದ ಬಾಟಲಿ ಮೇಜಿನ ಮೇಲಿಟ್ಟ. ಬಾಟಲಿಯ ಮೇಲೆ ಹಿಂಗಾಲಲ್ಲಿ ನಿಂತ ಬಿಳಿ ಕುದುರೆ.

“ಇದು ಭೀಮನಿಗಿಂತ ಜೋರಾ?”

“ಕಿಟ್ಟಿ, ಚಿತ್ರ ನೋಡೋ. ಭೀಮನ ಹತ್ರ ಗದೆ ಒಂದೇ. ಇಲ್ಲಿ ಕುದುರೆ ಐತೆ.”

ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಂದು ಹೊಡೆದೆ. ಊರೆಲ್ಲ ಹೊಡೆದರು. ಕುದುರೆ ಚಿತ್ರದ ಬಾಟಲಿಗಳು ಗೂಟ ಗೂಟದ ಮೇಲೆ ತಲೆಕೆಳಗಾದವು. ಆಮೇಲೆ ಶುರುವಾಯಿತು ಕಾಯುವುದು. ಗಂಟೆಗೊಮ್ಮೆ ಹೋಗಿ ನೋಡುತ್ತಿದ್ದೆ. ಹಳೆಯ ಕಣ್ಣುಗಳು ಮುಚ್ಚಲಿಲ್ಲ. ಮೇಲಿನ ಹೊಸ ಎಲೆಗಳ ಮೇಲೆ, ಔಷಧಿ ಬಿದ್ದ ಎಲೆಗಳ ಮೇಲೆಯೇ, ಹೊಸ ಕಣ್ಣುಗಳು ತೆರೆದವು. ಒಂದಕ್ಕೊಂದು ಕೂಡಿಕೊಂಡು ಎಲೆಗಳು ಹರಿದು ಉದುರತೊಡಗಿದವು. ಬದುವಿನ ಆಚೆ ಅತ್ತೆಯ ಎಕರೆ ಇನ್ನೂ ಹಸಿರಾಗಿತ್ತು, ಹೂವಿನಲ್ಲಿತ್ತು. ನನ್ನದಕ್ಕಿಂತ ತಡವಾಗಿ ಬಿತ್ತಿದ ಬೆಳೆ. ನಾನು ಬದುವಿನ ಮೇಲೆ ನಿಂತು, ಪಡುವಲಿಂದ ಬೀಸಿ ನನ್ನ ಹೊಲ ದಾಟಿ ಅದರೊಳಕ್ಕೆ ನುಗ್ಗುವ ಗಾಳಿಯನ್ನು ಎರಡೂ ಕೈ ಚಾಚಿ ತಡೆಯುತ್ತಿದ್ದೆ. ತಡೆದೆ ಕೂಡ, ಸ್ವಲ್ಪ.

ಒಂದು ಮಧ್ಯಾಹ್ನ ಊಟಕ್ಕೆ ಕೂತೆ. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಅಂಚಿನಲ್ಲಿ ಒಂದು ಎಲೆ. ಅದು ನನ್ನನ್ನೇ ನೋಡುತ್ತಿತ್ತು.

“ಇದ್ಯಾವ ಸೊಪ್ಪು ಅಳಿಯಂದ್ರೇ?” ಅತ್ತೆ ಮೆತ್ತಗೆ ಕೇಳಿದರು. “ಸಾರಿಗೆ ಹಾಕ್ಬೋದಾ?”

“ಅದು ದೃಷ್ಟಿಬೊಟ್ಟು ಅತ್ತೆ. ಬೆಳೆ ಜೋರಾಗಿ ಬಂದ್ರೆ ತಾನಾಗೇ ಇಟ್ಕೊಳ್ಳುತ್ತೆ.”

“ಓ. ಹಂಗಾ. ಬದುವಿನ ಕಡೆ ಸಾಲುಗಳೆಲ್ಲ ಇಟ್ಕಂಡವೆ. ನಿಮ್ಮ ಹೊಲದೋರು ಬಂದು ನಮ್ಮ ಹೊಲದೋರಿಗೆ ಬೊಟ್ಟಿಟ್ಟು ಹೋಗವ್ರೆ.” ಇನ್ನೊಂದು ಸೌಟು ಸಾರು ಬಿಟ್ಟರು. “ಉಣ್ಣಿ. ನರಸಮ್ಮ ಕೇಳ್ತಿದ್ಲು, ಕಾಯಿ ಕಟ್ಟಿದ್ವಾ ಅಂತ. ಏನಂತ ಯೋಳ್ಲಿ?”

ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಆ ಎಲೆಯನ್ನು ಆಚೆ ಕಡೆ ಮಾಡಿದೆ. ಸುಧಾ ಒಳಗಿನಿಂದ ಬಂದು ನೀರಿನ ಚೊಂಬು ಇಟ್ಟಳು.

“ನಾಳೆ ತುಮಕೂರಿಗೆ ಹೊರಟಿದ್ದೀರಲ್ಲ, ಮೂರನೇ ಬಾಟಲಿಗೆ. ಅದ್ನ ಹೊಡಿಯೋಕೆ ಮುಂಚೆ ಬಟವಾಡಿಗೆ ಹೋಗಿ ದೀಪಿಕಾಗೆ ಎಲೆ ತೋರಿಸ್ರೀ. ನಮ್ಮ ತಂಗಿ ಜೊತೆ ಓದಿದೋಳು. ಬೆಳೆ ರೋಗನೇ ಓದಿ, ಅಲ್ಲೇ ಒಂದು ಕ್ಲಿನಿಕ್ ಇಟ್ಕೊಂಡಿದಾಳೆ.”

“ನನಗೆ ಡಾಕ್ಟ್ರಾ?”

“ನಿಮಗಲ್ಲ, ಎಲೆಗೆ. ನಿಮಗೆ ಇನ್ನೂ ಕಂಡುಹಿಡಿದಿಲ್ಲ.”

ಬೆಳಿಗ್ಗೆ ಎಲೆಗಳನ್ನು ಊಟದ ಡಬ್ಬಿಗೆ ತುಂಬಿದೆ. ಹೊಲದ ಬಾಟಲಿಗಳೆರಡನ್ನೂ ಗೂಟದಿಂದ ಕಿತ್ತು ಚೀಲಕ್ಕೆ ಹಾಕಿದೆ. ಡಾಕ್ಟರಮ್ಮ ನನ್ನ ಪದ್ಧತಿ ನೋಡಿ ಎದ್ದು ನಿಂತು ಕೈ ಮುಗಿಯಲಿ ಎಂದು. ತುಮಕೂರು ಮಂಡಿಪೇಟೆಯಲ್ಲಿ ಮೂರನೆಯದನ್ನೂ ಕೊಂಡೆ: ‘ಸಿಡಿಲಮರಿ’, ಕಪ್ಪು ಬಾಟಲಿ, ಮೇಲೆ ಮಿಂಚು. ಬಟವಾಡಿಯ ಮುಂದೆಯೇ ಹಾದುಹೋದೆ, ನಿಲ್ಲಿಸಲಿಲ್ಲ. ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿಗೆ ಹೇಳಿದೆ. ಬಿಳಿ ಇಡ್ಲಿಯ ಮೇಲೆ ಕೆಂಪು ಚಟ್ನಿ ದುಂಡಗೆ ಕೂತಿತ್ತು. ಅದೂ ನನ್ನನ್ನೇ ನೋಡಿತು. ಎದ್ದುಬಿಟ್ಟೆ. ಸಪ್ಲೈಯರ್ ‘ಏನ್ ಸಾರ್, ಚೆನ್ನಾಗಿಲ್ವಾ’ ಎಂದು ರಸ್ತೆಯವರೆಗೂ ಬಂದ.

ದೀಪಿಕಾಳ ಕ್ಲಿನಿಕ್ಕು ಒಂದು ದಂತವೈದ್ಯರ ಅಂಗಡಿಯ ಮೇಲಿನ ಕೋಣೆ. ಕೆಳಗೆ ಹಲ್ಲು ಕೊರೆಯುವ ಸದ್ದು, ಮೇಲೆ ಹುಳ ಹತ್ತಿದ ಬದನೆಕಾಯಿಗಳ ಸಾಲು. ಚೂಪು ಮೂಗಿನ ಸಣ್ಣ ಹುಡುಗಿ. ಡಬ್ಬಿ ತೆರೆದಳು, ಒಂದು ಎಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಭೂತಗನ್ನಡಿಯಲ್ಲಿ ನೋಡಿದಳು.

“ಕಪ್ಪೆಗಣ್ಣು ಚುಕ್ಕೆ. ಬೂಷ್ಟಿಂದ ಬರೋ ರೋಗ ಭಾವ. ಎಷ್ಟು ವರ್ಷದಿಂದ ಒಂದೇ ಹೊಲದಲ್ಲಿ ಸೋಯಾ?”

“ಮೂರು. ಆ ಹೊಲಕ್ಕೆ ಬೇರೆ ಬೆಳೆ ಅಂದ್ರೆ ಕೋಪ ಬರುತ್ತೆ.”

“ಏನೇನು ಹೊಡೆದ್ರಿ?”

ಇದೇ ಗಳಿಗೆಗೆ ನಾನು ಕಾಯುತ್ತಿದ್ದದ್ದು. ಚೀಲದಿಂದ ಭೀಮನನ್ನು ತೆಗೆದಿಟ್ಟೆ, ಕುದುರೆಯನ್ನು ಇಟ್ಟೆ, ಸಿಡಿಲಮರಿಯನ್ನು ಇಟ್ಟೆ. “ಒಂದು ಸಲ ಹೊಡೆದಿದ್ದು ಇನ್ನೊಂದು ಸಲ ಹೊಡೆದೋನಲ್ಲ ನಾನು. ಗುಬ್ಬಿ, ಕುಣಿಗಲ್, ತುಮಕೂರು. ಮೂರು ತಾಲ್ಲೂಕು!”

ಅವಳು ಎದ್ದು ನಿಂತು ಕೈ ಮುಗಿಯಲಿಲ್ಲ. ಮೂರು ಬಾಟಲಿಗಳನ್ನೂ ತಿರುಗಿಸಿ ಬೆನ್ನು ನನ್ನ ಕಡೆ ಮಾಡಿದಳು.

“ಕಣ್ಣು ಚೆನ್ನಾಗಿದ್ಯಾ ಭಾವ?”

“ಹದ್ದಿನ ಕಣ್ಣು.”

“ಹಂಗಾದ್ರೆ ಆ ಸಣ್ಣ ಅಕ್ಷರ ಓದಿ. ಮೇಲಿನ ಸಾಲು.”

ಭೀಮನ ಬೆನ್ನು ಓದಿದೆ. ಅ-ಜಾ-ಕ್ಸಿ-ಸ್ಟ್ರೋ-ಬಿನ್. ನಾಲಿಗೆ ಗಂಟು ಬಿದ್ದಿತು. ಕುದುರೆಯ ಬೆನ್ನು ಓದಿದೆ. ಅದೇ ಗಂಟು. ಸಿಡಿಲಮರಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲೂ ಅದೇ.

“ಎಂಥಾ ಕಳ್ಳರಮ್ಮಾ, ಒಬ್ಬರದ್ದು ಒಬ್ಬರು ಕಾಪಿ ಹೊಡೆದವ್ರೆ.”

“ಕಳ್ಳತನ ಏನಿಲ್ಲ. ಒಂದೇ ಔಷಧಿನ ಎಷ್ಟು ಹೆಸರಲ್ಲಾದ್ರೂ ಮಾರ್ಬೋದು, ಒಳಗೇನಿದೆ ಅಂತ ಹಿಂದೆ ಬರೆದಿರ್ತಾರೆ. ಭಾವ, ಹೆಣ್ಣು ನೋಡೋಕೆ ಹೋದಾಗ ಮೊದಲು ಏನ್ ಕೇಳ್ತೀರಿ?”

“ಬೆಡಗು. ಯಾವ ಕುಲದೋರು ಅಂತ.”

“ಊರು ಬೇರೆ, ಮನೆ ಬೇರೆ, ಹುಡುಗಿ ಸೀರೆ ಬಣ್ಣನೂ ಬೇರೆ. ಬೆಡಗು ಮಾತ್ರ ಒಂದೇ ಆದ್ರೆ?”

“ಅಣ್ಣ ತಂಗಿ ಆಗ್ತಾರೆ. ಕೊಟ್ಟ ಕಾಫಿ ಕುಡಿದು ಎದ್ದು ಬರ್ತೀವಿ.”

“ಮತ್ತೆ ಔಷಧಿ ತರೋವಾಗ ಯಾಕೆ ಕೇಳ್ಲಿಲ್ಲ?”

ಸಿಡಿಲಮರಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡಿದೆ. ಅವಳು ಬಿಡಲಿಲ್ಲ.

“ನಿಮ್ಮತ್ತೆ ಬಿತ್ತನೆ ರಾಗಿ ಹೆಂಗೆ ಆರಿಸ್ತಾರೆ? ಸುಧಕ್ಕ ಹೇಳ್ತಿರ್ತಾರೆ.”

“ಹೊಲದಲ್ಲಿ ಗಟ್ಟಿ ತೆನೆ ನೋಡಿ ನೋಡಿ ಕುಯ್ದು ಬೇರೆ ಇಡ್ತಾರೆ.”

“ನೀವೂ ಅದನ್ನೇ ಮಾಡಿದ್ದೀರಿ. ಈ ಔಷಧಿ ಬೂಷ್ಟಿನ ಒಂದೇ ಜಾಗಕ್ಕೆ ಹೊಡೆಯೋದು. ಮೊದಲ ವರ್ಷ ಬಡಕಲೆಲ್ಲ ಸತ್ತುಹೋಯ್ತು. ಎಲ್ಲೋ ನಾಲ್ಕು ಗಟ್ಟಿ ಇದ್ದವು ಉಳಿದ್ವು, ಮರಿ ಹಾಕಿದ್ವು. ಮತ್ತೆ ಅದನ್ನೇ ಹೊಡೆದ್ರಿ, ಮತ್ತೆ ಗಟ್ಟಿಯದ್ದೇ ಉಳೀತು. ಮೂರು ವರ್ಷ ಕೂತು ರೋಗಕ್ಕೆ ಬಿತ್ತನೆ ಆರಿಸಿದ್ದೀರಿ ಭಾವ. ಈಗ ಹೊಲದಲ್ಲಿರೋದು ಬರೀ ಗಟ್ಟಿ ತೆನೆ.”

ಕುರ್ಚಿಯಿಂದ ಎದ್ದೆ, ಕಿಟಕಿಗೆ ಹೋದೆ, ಬಂದೆ, ಕೂತೆ, ಎದ್ದೆ. “ನನ್ನ ಹೊಲ ಹಾಳಾಗ್ಲಿ. ಅತ್ತೆ ಎಕರೆ ಐತೆ. ಬಿತ್ತನೆಗೆ ಅಂತ ಮಾತು ಕೊಟ್ಟವ್ರೆ. ಅದು ಉಳೀಬೇಕು.”

ಅವಳ ಮುಖದಿಂದ ತುಂಟತನ ಹೋಯಿತು. “ಬಿತ್ತನೆಗಾ? ಇದು ಕಾಳಿನ ಜೊತೆನೂ ಹೋಗುತ್ತೆ. ಕಾಯಿಗೆ ಏರಿದ್ರೆ ಮುಂದಿನ ವರ್ಷ ಅವರು ಕೊಟ್ಟ ಮನೆಗಳಿಗೆಲ್ಲ ಹೋಗುತ್ತೆ.” ಒಂದು ಚೀಟಿಯಲ್ಲಿ ಎರಡು ಹೆಸರು ಬರೆದಳು. ಒಂದು ಬೇರೆ ಬೆಡಗಿನ ಔಷಧಿ. ಇನ್ನೊಂದು ಮ್ಯಾಂಕೋಜೆಬ್, ಟೊಮ್ಯಾಟೊಗೆ ಹೊಡೆಯುವ ಹಳದಿ ಪುಡಿ. ಇದನ್ನು ಹೊಡೆಯುವವರನ್ನು ನಾನು ಮೂರು ವರ್ಷದಿಂದ ‘ತಾತನ ಕಾಲದೋರು’ ಎಂದು ಆಡಿಕೊಂಡು ನಕ್ಕಿದ್ದೆ. “ಪುಡಿ ಹಳೇದು, ಆದ್ರೆ ಬೂಷ್ಟಿಗೆ ಹತ್ತು ಕಡೆಯಿಂದ ಏಟು ಕೊಡುತ್ತೆ. ಹತ್ತಕ್ಕೂ ಗಟ್ಟಿಯಾಗೋದು ಅದಕ್ಕೆ ಸುಲಭ ಅಲ್ಲ. ಎರಡೂ ಕೂಡಿಸಿ ಅತ್ತೆ ಹೊಲಕ್ಕೆ ಹೊಡೀರಿ, ಚೀಟೀಲಿರೋ ಅಳತೆಗೆ. ಬಂದಿರೋ ಕಣ್ಣು ಹೋಗಲ್ಲ. ಹೊಸದು ಬರೋದನ್ನ ತಡೀಬೋದು. ಆದ್ರೆ... ನಿಮ್ಮ ಹೊಲ ಯಾವ ಕಡೆ ಭಾವ?”

“ಪಡುವಲಿಗೆ.”

“ಗಾಳಿ?”

“ಪಡುವಲಿಂದಲೇ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕೆಳಗೆ ಹಲ್ಲಿನ ಯಂತ್ರ ನಿಂತಿತು.

“ನಿಮ್ಮದು ಹೆಂಗೂ ಕಾಳು ತುಂಬಲ್ಲ. ನಿಂತಷ್ಟು ದಿನ ಅತ್ತೆ ಹೊಲಕ್ಕೆ ರೋಗ ಹಂಚುತ್ತೆ. ಉತ್ತು ಮಣ್ಣಿಗೆ ಮುಚ್ಚಿಬಿಡಿ. ಮುಂದಿನ ವರ್ಷ ಅಲ್ಲಿ ರಾಗಿ. ಮತ್ತೆ ಭಾವ, ಊರಲ್ಲಿ ಈ ಬಾಟಲಿ ನಿಲ್ಲಬೇಕು. ಎಲ್ಲರೂ ಹೊಡೀತಿದ್ರೆ ಎಲ್ಲರೂ ಬಿತ್ತನೆ ಆರಿಸ್ತಿದ್ದಂಗೇನೆ.”

ಗುಬ್ಬಿಗೆ ಬರುವವರೆಗೂ ನಾನು ಬೈಕಿನ ಮೇಲೆ ಒಬ್ಬನೇ ವಾದ ಮಾಡಿಕೊಂಡು ಬಂದೆ. ಅರ್ಧ ಉತ್ತರೆ? ಬದುವಿನ ಕಡೆ ನಾಲ್ಕು ಸಾಲು ಕಿತ್ತರೆ? ಸೀರೆಗಳ ಪರದೆ ಕಟ್ಟಿದರೆ? ಎದುರಿಗೆ ಬಂದ ಲಾರಿಯವನು ನನ್ನ ಕೈಸನ್ನೆ ನೋಡಿ, ದಾರಿ ಕೇಳುತ್ತಿದ್ದೇನೆಂದು ತಿಳಿದು ಬ್ರೇಕ್ ಹಾಕಿದ. ಚನ್ನವೀರಯ್ಯನವರ ಅಂಗಡಿಯ ಮುಂದೆ ನಿಲ್ಲಿಸಿ ಚೀಟಿ ಕೊಟ್ಟೆ.

“ಹಳದಿ ಪುಡಿನಾ? ನೀವಾ?” ಅವರು ಕನ್ನಡಕ ಮೇಲೆತ್ತಿದರು. “ಭೀಮ ಬೇಕು ಅಂದಿದ್ರೆ ಇರ್ಲಿಲ್ಲ ಬಿಡಿ. ಬೆಳಿಗ್ಗೆ ನಿಮ್ಮೂರ ಜುಂಜಪ್ಪ ಬಂದು ಇದ್ದಬದ್ದದ್ದೆಲ್ಲ ಹೊತ್ಕೊಂಡು ಹೋದ. ಭಾವ ತುಮಕೂರಿಗೆ ಹೋಗವ್ನೆ, ಬರೋವರ್ಗೂ ಯಾರು ಕಾಯ್ತಾರೆ, ನಾಳೆ ಎಲ್ರೂ ಇನ್ನೊಂದ್ಸಲ ಭೀಮನ್ನೇ ಹೊಡೀತೀವಿ ಅಂತಿದ್ದ.”

ಸಂಜೆ ಬೆಳಕಿರುವಾಗಲೇ ಅತ್ತೆಯ ಎಕರೆಗೆ ನಾನೇ ಔಷಧಿ ಹೊಡೆದೆ. ಮೂತಿಗೆ ಬಟ್ಟೆ ಕಟ್ಟಿಕೊಂಡು, ಎಲೆಯ ಮೇಲೆ, ಎಲೆಯ ಕೆಳಗೆ. ಪ್ರತಿ ಎಲೆಯನ್ನೂ ಹೆಸರು ಹಿಡಿದು ಕರೆದು ಹೊಡೆದೆ ಎಂದರೂ ಸುಳ್ಳಲ್ಲ. ಟ್ರ್ಯಾಕ್ಟರಿನ ಚಿಕ್ಕಮಾರಯ್ಯನಿಗೆ ಫೋನ್ ಮಾಡಿ ಬೆಳಿಗ್ಗೆ ಬೆಳೆ ಕೊಚ್ಚಿ ಮಣ್ಣಿಗೆ ಬೆರೆಸುವ ರೊಟವೇಟರ್ ಸಿಕ್ಕಿಸಿಕೊಂಡು ಬಾ ಎಂದೆ. ಯಾವ ಹೊಲಕ್ಕೆ ಎಂದು ಕೇಳಿದ. ಹೇಳಿದೆ. ಫೋನ್ ಕೆಟ್ಟಿದೆಯೇನೋ ಎಂದು ಕಟ್ ಮಾಡಿ ಅವನೇ ಮತ್ತೆ ಮಾಡಿದ.

ಬಿಸಿಲೇರುವಷ್ಟರಲ್ಲಿ ಟ್ರ್ಯಾಕ್ಟರ್ ನನ್ನ ಹೊಲದ ತಲೆಯಲ್ಲಿ ನಿಂತಿತ್ತು. ಸದ್ದು ಕೇಳಿ ಊರು ಬಂತು. ಜುಂಜಪ್ಪ ಮುಂದೆ, ಬೆನ್ನಿಗೆ ಔಷಧಿ ಹೊಡೆಯುವ ಟ್ಯಾಂಕು, ಅದರ ತುಂಬ ಭೀಮ. ಅವನ ಹಿಂದೆ ಅದೇ ರೀತಿ ಬೆನ್ನು ಉಬ್ಬಿಸಿಕೊಂಡ ಎಂಟತ್ತು ಜನ. ಅತ್ತೆ ತಮ್ಮ ಬದುವಿನ ಮೇಲೆ ಸೆರಗು ಹೊದ್ದು ನಿಂತಿದ್ದರು. ಪಕ್ಕದಲ್ಲಿ ನರಸಮ್ಮ.

“ಭಾವ, ತಲೆ ನೆಟ್ಟಗೈತಾ? ನಿಂತ ಬೆಳೆ ಉಳ್ತೀಯಾ?”

ಬಾಯಿಗೆ ಬಂದದ್ದು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೈ ಸೊಂಟದ ಮೇಲಿಟ್ಟೆ. “ಇದು ಹೊಸ ಪದ್ಧತಿ ಕಣ್ರಪ್ಪ. ಹಸಿರು ಗೊಬ್ಬರ! ಕಾಳು ಯಾರು ಬೇಕಾದ್ರೂ ಬೆಳೀತಾರೆ. ಹೊಲಕ್ಕೆ ಹೊಲನೇ ಊಟ ಹಾಕೋನು ನಾನೊಬ್ನೇ.”

ಅವರು ನಗುತ್ತಾರೆ, ಬಯ್ಯುತ್ತಾರೆ, ಹೋಗುತ್ತಾರೆ ಎಂದುಕೊಂಡಿದ್ದೆ. ಜುಂಜಪ್ಪ ಗಲ್ಲ ಕೆರೆದುಕೊಂಡ. ಗಂಭೀರವಾಗಿ ತಲೆಯಾಡಿಸಿದ.

“ಅಂಗೋ. ಸರಿ ಬುಡು. ಇವತ್ತು ಭೀಮನ್ನ ಹೊಡ್ಕಂಡು ಬುಡ್ತೀವಿ, ಗೊಬ್ಬರ ಮಾಡೋದು ನಾಳೆ ನೋಡಾನ. ನೀನು ಮಾಡಿದ್ದೇ ಅಲ್ವಾ ನಾವು ಮಾಡೋದು.” ತಿರುಗಿ ಟ್ಯಾಂಕಿನ ಪಟ್ಟಿ ಬಿಗಿದುಕೊಂಡ. ಹಿಂದಿನವರೂ ಬಿಗಿದುಕೊಂಡರು.

ಅತ್ತೆ ನನ್ನನ್ನು ನೋಡುತ್ತಿದ್ದರು. ಎಲೆಗಳ ಒಂಬತ್ತು ಕೋಟಿ ಕಣ್ಣಿಗಿಂತ ಆ ಎರಡು ಕಣ್ಣು ಭಾರವಾಗಿದ್ದವು.

“ನಿಲ್ರೋ!”

ಸದ್ದು ಹಾಗಲವಾಡಿ ಕೆರೆಯ ಆಚೆ ದಡಕ್ಕೆ ಹೋಗಿ ವಾಪಸು ಬಂತು. ಓಡಿಹೋಗಿ ಜುಂಜಪ್ಪನ ಹೊಲದ ಗೂಟ ಕಿತ್ತೆ. ಪಕ್ಕದವನದು ಕಿತ್ತೆ. ನನ್ನ ಚೀಲದಿಂದ ಭೀಮನನ್ನೂ ಸಿಡಿಲಮರಿಯನ್ನೂ ತೆಗೆದೆ. ಎಲ್ಲವನ್ನೂ ಕಾಲುದಾರಿಯ ಮೇಲೆ ಸಾಲಾಗಿ, ಬೆನ್ನು ಮೇಲೆ ಮಾಡಿ ಮಲಗಿಸಿದೆ.

“ಸಣ್ಣ ಅಕ್ಷರ ಓದ್ರೋ. ಗುಬ್ಬಿದು, ಕುಣಿಗಲ್‌ದು, ತುಮಕೂರುದು. ಮೂರರ ಒಳಗೂ ಒಂದೇ ಔಷಧಿ. ಒಂದೇ ಬೆಡಗು! ಇದಕ್ಕೆ ಸಾಯೋ ರೋಗ ಎಲ್ಲಾ ಹೋದ ವರ್ಷವೇ ಸತ್ತೋಯ್ತು. ಸಾಯದೇ ಇರೋದನ್ನ ನಾನು ಆರಿಸಿ ಆರಿಸಿ ಬೆಳೆಸಿದೀನಿ, ನನ್ನ ಹಿಂದೆ ನೀವು ಬೆಳೆಸಿದ್ದೀರಿ. ಬೆನ್ನ ಮೇಲಿರೋದನ್ನ ಇಳಿಸ್ರೋ.”

ಜುಂಜಪ್ಪ ಬಗ್ಗಿ ಒಂದೊಂದು ಬಾಟಲಿಯನ್ನೂ ಮೂಗಿಗೆ ತಾಗಿಸಿ ಓದಿದ. ತುಟಿ ಅಲುಗಿತು. ಎದ್ದ.

“ಅಂದ್ರೆ ಭಾವ, ಮೂರು ತಾಲ್ಲೂಕು ಸುತ್ತಿಸಿ ನಮ್ಮ ಕೈಲಿ ಅಣ್ಣ ತಂಗೀರಿಗೆ ಮದುವೆ ಮಾಡ್ಸಿದ್ಯಾ?”

ಆಮೇಲೆ ಎದ್ದ ನಗು ಗುಬ್ಬಿ ರೈಲ್ವೆ ಸ್ಟೇಷನ್ನಿಗೆ ಕೇಳಿಸಿ, ಒಂದು ರೈಲು ಸುಮ್ಮನೆ ನಿಂತಿತಂತೆ. ನಾನೂ ತಲೆ ತಗ್ಗಿಸಲಿಲ್ಲ. “ನಗ್ರೋ ನಗ್ರೋ. ಈ ಜಿಲ್ಲೆಯಲ್ಲಿ ಇಷ್ಟು ಗಟ್ಟಿ ರೋಗ ಬೆಳೆದೋನು ಇನ್ನೊಬ್ಬ ಇದ್ರೆ ಕರ್ಕೊಂಡ್ ಬನ್ನಿ!” ಎಂದೆ. ಜುಂಜಪ್ಪ ನಗುತ್ತಲೇ ಟ್ಯಾಂಕು ಕೆಳಗಿಳಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿಸಿದರು. ಚಿಕ್ಕಮಾರಯ್ಯ ನನ್ನ ಮುಖ ನೋಡಿದ. ಕೈ ಎತ್ತಿದೆ. ರೊಟವೇಟರ್ ನೆಲಕ್ಕೆ ಇಳಿಯಿತು.

ಎಳೆ ಕಾಯಿಗಳು ಚಟಚಟ ಮುರಿಯುವ ಸದ್ದು ಟ್ರ್ಯಾಕ್ಟರಿನ ಸದ್ದಿನೊಳಗೂ ಕೇಳಿಸುತ್ತಿತ್ತು. ನನಗೊಬ್ಬನಿಗೇ ಕೇಳಿಸಿತೋ ಏನೋ.

ಅಲ್ಲಿಂದ ಮುಂದೆ ನನಗೆ ಹೊಲವಿರಲಿಲ್ಲ, ಆದರೂ ಹೊಲ ಬಿಡಲಿಲ್ಲ. ಅತ್ತೆಯ ಸಾಲುಗಳಲ್ಲಿ ಎಲೆ ಮಗುಚುತ್ತಾ ನಡೆಯುವುದೇ ಕೆಲಸವಾಯಿತು. ಬದುವಿನ ಕಡೆ ಕಣ್ಣುಗಳು ಕಾಯಿಗೂ ಏರಿದವು. ಮೂಡಲ ಕಡೆಗೆ ಹೋದಂತೆ ಕಡಿಮೆಯಾಗಿ, ಕೊನೆಯ ಸಾಲುಗಳಲ್ಲಿ ಎಲೆ ಕುರುಡಾಗಿತ್ತು; ಅಷ್ಟು ಚೆಂದದ ಕುರುಡನ್ನು ನಾನು ನೋಡಿರಲಿಲ್ಲ. ಕೊಯ್ಲಿನಲ್ಲಿ ಅತ್ತೆ ಬದುವಿನ ಕಡೆಯದನ್ನು ಮೂಡಲ ಕಡೆಯದಕ್ಕೆ ಸೋಕಲು ಬಿಡಲಿಲ್ಲ. ಎರಡೂ ಕಡೆಯ ಕಾಳನ್ನು ಬೇರೆ ಬೇರೆ ಕಟ್ಟಿ ಬಟವಾಡಿಗೆ ಒಯ್ದೆ. ದೀಪಿಕಾ ಅವನ್ನು ಒದ್ದೆ ಕಾಗದದ ನಡುವೆ ಮಲಗಿಸಿದಳು. ಅವು ಮೊಳಕೆ ಒಡೆಯುವ ತನಕ ನಾನು ಅವಳಿಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ, ಕೊನೆಗೆ ಕೆಳಗಿನ ದಂತವೈದ್ಯರು ಎತ್ತಿಕೊಂಡು ‘ಇನ್ನೂ ಇಲ್ಲ’ ಎಂದರು. ಆಮೇಲೆ ಅವಳೇ ಮಾಡಿದಳು. ಬದುವಿನ ಕಡೆಯದು ಬೇಡ. ಮೂಡಲ ಕಡೆಯದನ್ನು ಬಿತ್ತನೆಗೆ ಕೊಡಬಹುದು. ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಸವರಬೇಕು, ಸೋಯಾ ಹಾಕದ ಹೊಲಕ್ಕೇ ಹಾಕಬೇಕು.

ಮುಂಗಾರಿನ ಮೊದಲ ಮಳೆ ಬಿದ್ದ ಬೆಳಿಗ್ಗೆ ಹೆಂಗಸರು ಬಂದರು. ನರಸಮ್ಮ ಮೊದಲು ಟವಲ್ ಹಾಸಿದಳು. ಅತ್ತೆ ಮೊರಕ್ಕೆ ಕುಂಕುಮ ಇಟ್ಟು, ಕಾಳು ತುಂಬಿ, ಗೋಪುರ ಏಳುವ ಮೊದಲೇ ಅಂಗೈಯಿಂದ ತಲೆ ಸವರಿಬಿಟ್ಟರು.

“ಬದುವಿನ ಕಡೇದು ಮಿಲ್ಲಿಗೆ ಹೋಯ್ತು ನರಸಮ್ಮಾ. ಅದ್ರಾಗೆ ರೋಗ ಇತ್ತು. ಇರೋದು ಇಷ್ಟೇ. ತಲೆ ಸವರಿ ಕೊಡ್ತೀನಿ, ಎಲ್ರಿಗೂ ಬರ್ಲಿ.”

ನರಸಮ್ಮ ಕಾಳನ್ನು ಬೊಗಸೆಯಲ್ಲಿ ಎತ್ತಿ ತಿರುವಿ ನೋಡಿದಳು. “ಬುಡಕ್ಕ, ಒಂದು ಚುಕ್ಕೆನೂ ಇಲ್ಲ,” ಎಂದು ಗಂಟು ಕಟ್ಟಿದಳು. ಮಾತು ಕೊಟ್ಟ ಒಂದು ಮನೆಯೂ ಬರಿಗೈಲಿ ಹೋಗಲಿಲ್ಲ. ಮೊರ ಒಲೆಗೆ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ನನ್ನ ಟವಲ್ ಕೊಡವಿ ಹೊಸಿಲಿನ ಹೊರಗೆ ಹಾಸಿ ಕೂತೆ. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಬಂದು ಸುರಿದರು. ಕೆಂಪಗೆ, ಸಣ್ಣಗೆ, ಗೋಪುರದ ಹಾಗೆ. ರಾಗಿ.

“ಅತ್ತೆ, ಒಂದೇ ಒಂದು ಹಿಡಿ ಸೋಯಾ. ಕಾಲುದಾರಿ ಪಕ್ಕ ಒಂದು ಸಾಲು. ಊರೋರು ನೋಡ್ಬೇಕಲ್ಲ, ಭಾವ ಏನ್ ಬಿತ್ತಿದಾನೆ ಅಂತ.”

“ರಾಗಿ ನೋಡ್ಲಿ ಬುಡಿ. ನಿಮ್ಮ ಮಣ್ಣಾಗೆ ಅವು ಇನ್ನೂ ಕಣ್ ಬಿಟ್ಕಂಡೇ ಕೂತಿರ್ತವೆ ಅಳಿಯಂದ್ರೇ. ಸೋಯಾ ಕಾಣ್ದೆ ಹಸ್ಕಂಡು ಒಂದಷ್ಟು ದಿನ ಕೂತಿರ್ಲಿ.” ಮೊರವನ್ನು ಗೋಡೆಯ ಮೊಳೆಗೆ ತೂಗಿಹಾಕಿದರು. “ಸುಗ್ಗಿಗೆ ಇಷ್ಟೇ ರಾಗಿ ವಾಪಸು ಬರ್ಬೇಕು. ಅಳಿಯ ಅಂತ ಬುಡಾಕಿಲ್ಲ.”

ಗಂಟು ಹೆಗಲಿಗೇರಿಸಿ ಹೊಲಕ್ಕೆ ಬಂದೆ. ಬಾಟಲಿಯಿಲ್ಲದ ನನ್ನ ಬರೀ ಗೂಟ ಬದುವಿನ ಮೂಲೆಯಲ್ಲಿ ನಿಂತಿತ್ತು, ಊರಿಗೆಲ್ಲ ಎತ್ತರವಾಗಿ. ಆಚೆಯಿಂದ ಜುಂಜಪ್ಪ ಕೂಗಿದ.

“ಭಾವ, ಏನ್ ಬಿತ್ತಾ ಇದ್ದೀಯಾ?”

“ರಾಗಿ ಕಣ್ಲಾ. ಹಾಗಲವಾಡಿಯಲ್ಲಿ ಯಾರೂ ಇದುವರೆಗೆ ಬೆಳೆದಿಲ್ಲ, ನಾನೇ ಮೊದಲು.”

ಬಿತ್ತುತ್ತಾ ಹೋದೆ. ಪ್ರತಿ ಸಾಲಿನ ಕೊನೆಗೂ ನಿಂತು, ಕಾಲಿನಿಂದ ಮಣ್ಣು ಕೆದಕಿ, ಹೋದ ವರ್ಷದ ಎಲೆ ಏನಾದರೂ ನೋಡುತ್ತಿದೆಯೇ ಎಂದು ಬಗ್ಗಿ ನೋಡಿದೆ.